ಹಾಲುಹಲ್ಲಿನ ಹೆಸರು

ತಗ್ಗೂರು
ದೊಡ್ಡ ಬೇಗೆಯ ನಂತರದ ಇನ್ನೂರ ಹದಿನೇಳನೆಯ ವರ್ಷ, ಮೂರನೆಯ ಧೂಳುಗಾಳಿಯ ಒಂಬತ್ತನೆಯ ದಿನ

ಡಾಕ್ಟರ್ ನೀಲಗಂಗಾ ಹಾಗರಗಿ ಅಕ್ಕಾವರಿಗೆ,

ಈ ತಾರೀಖು ನಿಮಗೆ ಹುಚ್ಚನ ಬರಹದಂತೆ ಕಂಡೀತು. ನನ್ನ ಭಾಷೆ ಒರಟೆನಿಸಿದರೂ ಮನ್ನಿಸಿ. ನಾನು ಬರೆಯಲು ಕಲಿತದ್ದು, ಕಲ್ಲಿನಲ್ಲಿ ಸಿಕ್ಕ ಹಳೆಯ ಪ್ರಾಣಿಗಳ ಬಗ್ಗೆ ನೀವು ಬರೆದಿಟ್ಟ ಟಿಪ್ಪಣಿ ಪುಸ್ತಕದಿಂದ. ಹಾಗಾಗಿ ಹಲ್ಲು, ದವಡೆ, ಜರಡಿ ಇಂಥ ಮಾತುಗಳು ನನಗೆ ಸರಾಗ. ದುಃಖ ಹೇಳಿಕೊಳ್ಳಲು ಬೇಕಾದ ಮಾತುಗಳು ಅದರಲ್ಲಿ ಹೆಚ್ಚು ಇರಲಿಲ್ಲ.

ನಿಮ್ಮ ಕಾಲದವರು ಶಹಾಬಾದ್ ಕಲ್ಲು ತೆಗೆದು ಬಿಟ್ಟುಹೋದ ಗಣಿಯ ತಳದಲ್ಲಿ ನಾವಿದ್ದೇವೆ. ಅದಕ್ಕೇ ಇದು ತಗ್ಗೂರು. ಬಿಸಿಲು ಏರುವ ಮೊದಲೇ ನೀರು ಸೇದಿ, ಸಜ್ಜೆ ಬೀಸಿ, ಕಲ್ಲುಗೋಡೆಯಲ್ಲಿ ಕೊರೆದ ಗೂಡುಗಳಿಗೆ ಸೇರಿಕೊಳ್ಳುತ್ತೇವೆ. ಸಂಜೆ ಕಾವು ಇಳಿದಾಗ ಬಾರಿಸುವ ನೆರಳುಗಂಟೆ ಕೇಳಿದ ಮೇಲೆಯೇ ಹೊರಗೆ ಕಾಲಿಡುವುದು. ದೈತ್ಯ ಹಲ್ಲಿಗಳ ಕಾಲದಲ್ಲಿ ಬಿಲದೊಳಗೆ ಅಡಗಿ ಮರಿಗಳಿಗೆ ಹಾಲೂಡಿದ ಮೊದಮೊದಲ ಸಸ್ತನಿಗಳ ಬಗ್ಗೆ ನೀವು ಬರೆದದ್ದನ್ನು ಓದಿದಾಗ, ನಮ್ಮ ಮನೆಯ ಸಮಾಚಾರವನ್ನೇ ಬರೆದಿದ್ದೀರಿ ಅನಿಸುತ್ತದೆ.

ನಮ್ಮ ಹಿರಿಯರು ಈ ತಗ್ಗಿಗೆ ಇಳಿದಾಗ ಅವರ ಬಳಿ ಉಳಿದಿದ್ದ ಬರಹ ನಿಮ್ಮ ಪುಸ್ತಕ ಒಂದೇ. ಒಬ್ಬರ ಮನೆಯಲ್ಲಿಟ್ಟರೆ ಜಗಳವಾದೀತೆಂದು ಹಾಳೆ ಹಾಳೆ ಬಿಡಿಸಿ, ಮನೆಗೊಂದರಂತೆ ಹಂಚಿಕೊಂಡರು. ಮದುವೆಯಿರಲಿ, ಸಾವಿರಲಿ, ಆ ಮನೆಯ ಹಾಳೆಯನ್ನು ಗಟ್ಟಿಯಾಗಿ ಓದುವುದು ಪದ್ಧತಿಯಾಯಿತು. ಹಾಳೆ ಪುಡಿಯಾಗುವ ಮೊದಲು ನಕಲು ಮಾಡಿಕೊಡುವವನನ್ನು ಪುಟಗಾವಲಿ ಎನ್ನುತ್ತಾರೆ. ಆ ಕೆಲಸ ನನ್ನದು. ನಿಮ್ಮ ಹೆಸರಿರುವ ಮೊದಲ ಹಾಳೆ ನಮ್ಮ ಮನೆಯಲ್ಲಿದೆ.

ನಲವತ್ತನೆಯ ಹಾಳೆ ಊರಿನ ಹಿರಿಯಳಾದ ಸಿದ್ದವ್ವಾಯಿಯ ಮನೆಯದು. ಅದರ ಕೊನೆಯ ಸಾಲು ಇಲ್ಲಿ ಎಲ್ಲರಿಗೂ ಬಾಯಿಪಾಠ: “ಹಾಲುಹಲ್ಲು ಬಿದ್ದು ಗಟ್ಟಿಹಲ್ಲು ಕಾಣುವವರೆಗೆ ಮರಿಗಳಿಗೆ ಹೆಸರಿಡಬಾರದು. ಆತುರ ಬೇಡ.” ಆ ಮೊದಲ ವರ್ಷಗಳಲ್ಲಿ ಮಕ್ಕಳು ಸಾಲುಸಾಲಾಗಿ ಸಾಯುತ್ತಿದ್ದರು. ಹಿರಿಯರು ಇದನ್ನು ತಮಗೇ ಹೇಳಿದ ಬುದ್ಧಿಮಾತೆಂದು ತಿಳಿದರು. ಅಂದಿನಿಂದ ಮೊದಲ ಹಲ್ಲು ತಾನಾಗಿ ಬೀಳುವವರೆಗೆ ಮಗು ಬರೀ ಕೂಸು. ಬಿದ್ದ ದಿನ ಹೆಸರುಗಲ್ಲು ಎಂಬ ಚಪ್ಪಡಿಯ ಮೇಲೆ ಅದರ ಹೆಸರು ಕೊರೆಯುತ್ತಾರೆ. ಹೆತ್ತವರನ್ನೂ ಅಂದಿನಿಂದ ಇಂಥವರ ಅವ್ವ, ಇಂಥವರ ಅಪ್ಪ ಎಂದೇ ಕರೆಯುತ್ತಾರೆ. ಅದಕ್ಕೂ ಮೊದಲು ಹೋದ ಕೂಸನ್ನು ಸುಮ್ಮನೆ ಮಣ್ಣು ಮಾಡುತ್ತಾರೆ. ಅದಕ್ಕಾಗಿ ಯಾರೂ ಹಾಳೆ ಓದುವುದಿಲ್ಲ.

ನನ್ನ ಮಗಳಿಗೆ ಆರೂವರೆ ವರ್ಷವಾಗಿತ್ತು. ಮಾತಿನಮಲ್ಲಿ, ಮಹಾ ಹಟಮಾರಿ. ಅವಳ ಕೆಳಗಿನ ಮುಂದಿನ ಹಲ್ಲು ಸಡಿಲವಾಗಿತ್ತು. ದಿನಾ ಬೆಳಿಗ್ಗೆ ನನ್ನ ಎದೆಯ ಮೇಲೆ ಹತ್ತಿ ಕೂತು, “ಅಪ್ಪಾ, ಇವತ್ತ ಭಾಳ ಅಳ್ಳಾಡ್ಲಿಕತ್ತದ, ನೋಡು” ಎನ್ನುತ್ತಿದ್ದಳು. ತನ್ನ ಹೆಸರನ್ನೂ ತಾನೇ ಆರಿಸಿಟ್ಟುಕೊಂಡಿದ್ದಳು. ನಮ್ಮ ಮನೆಯ ಹಾಳೆಯ ಮೇಲಿದ್ದ ನಿಮ್ಮ ಹೆಸರಿನ ಮೇಲೆ ಬೆರಳಿಟ್ಟು, “ನನಗ ಇದೇ ಬೇಕು” ಎಂದಿದ್ದಳು. ಹಲ್ಲು ಬೀಳುವ ಮೊದಲು ಹೆಸರಿನ ಸುದ್ದಿ ಎತ್ತಬಾರದೆಂದು ನಾನು ಗದರಿಸಿದ್ದೆ.

ಬೇಗೆಜ್ವರ ಅವಳನ್ನು ಮೂರೇ ದಿನದಲ್ಲಿ ಒಯ್ದಿತು. ಎರಡನೆಯ ದಿನ ಒದ್ದೆ ಬಟ್ಟೆಯಿಂದ ಬಾಯಿ ಒರೆಸುವಾಗ ಆ ಹಲ್ಲು ನನ್ನ ಎರಡು ಬೆರಳುಗಳ ನಡುವೆ ಇತ್ತು. ಒಂದು ಸಲ ಎಳೆದಿದ್ದರೆ ಬರುತ್ತಿತ್ತು. ತಾನಾಗಿ ಬೀಳಬೇಕು ಎಂಬ ನಿಯಮ ನೆನಪಾಗಿ ಕೈ ಹಿಂದೆ ತೆಗೆದುಕೊಂಡೆ. ಆ ಕೈಯಿಂದಲೇ ಇದನ್ನು ಬರೆಯುತ್ತಿದ್ದೇನೆ, ಅಕ್ಕಾವರೇ.

ನಲವತ್ತೊಂದನೆಯ ಹಾಳೆ ಕಳೆದೇ ಹೋಗಿದೆ ಎಂದು ನಾವೆಲ್ಲ ನಂಬಿದ್ದೆವು. ಮಗಳನ್ನು ಮಣ್ಣು ಮಾಡಿದ ಹನ್ನೊಂದನೆಯ ದಿನ, ತೀರಿಕೊಂಡ ಒಬ್ಬ ಮುದುಕಿಯ ಗೂಡನ್ನು ಖಾಲಿ ಮಾಡುವಾಗ ತಗಡಿನ ಡಬ್ಬಿಯಲ್ಲಿ ಅದು ಸಿಕ್ಕಿತು. ಯಾವುದೋ ಹಳೆಯ ಜಗಳದಲ್ಲಿ ಅವಳ ಹಿರಿಯರು ಬಚ್ಚಿಟ್ಟಿದ್ದರು. ನಿಂತಲ್ಲೇ ಓದಿದೆ. ನಲವತ್ತನೆಯ ಹಾಳೆಯ ಆ ಕೊನೆಯ ಮಾತಿಗೆ ಕಾರಣ ಅದರಲ್ಲಿತ್ತು. ನೀವು ಬರೆದದ್ದು ಮಣ್ಣು ಸೋಸುವಾಗ ಜರಡಿಯಲ್ಲಿ ಸಿಕ್ಕ, ಜೋಳದ ಕಾಳಿಗಿಂತ ಚಿಕ್ಕ ಒಂದು ದವಡೆಯ ಬಗ್ಗೆ. ಒಂದೇ ಪ್ರಾಣಿಯ ಹಾಲುಹಲ್ಲಿಗೂ ಗಟ್ಟಿಹಲ್ಲಿಗೂ ಹೋಲಿಕೆಯೇ ಇರುವುದಿಲ್ಲ, ಅದನ್ನು ತಿಳಿಯದೆ ಒಂದೇ ಜಾತಿಗೆ ಎರಡು ಹೆಸರಿಟ್ಟು ಹಿಂದಿನವರು ಎಡವಿದ್ದಾರೆ, ಆ ತಪ್ಪು ನಾನು ಮಾಡುವುದಿಲ್ಲ ಎಂದು ಬರೆದಿದ್ದಿರಿ. ದವಡೆಯ ಚಿತ್ರದ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಇನ್ನೊಂದು ಸಾಲಿತ್ತು: “ಇನ್ನೂ ಹಾಲು ಬಿಡದ ಮರಿ ಇದು, ಪಾಪ.” ಅಲ್ಲಿಯವರೆಗೆ ನನಗೆ ನಿಮ್ಮ ಮೇಲೆ ಬೆಂಕಿಯಂಥ ಸಿಟ್ಟಿತ್ತು. ಆ ಸಾಲು ಓದಿ ಅತ್ತುಬಿಟ್ಟೆ.

ಹಾಳೆಯನ್ನು ಸಿದ್ದವ್ವಾಯಿಗೆ ಒಯ್ದುಕೊಟ್ಟು, ನನ್ನ ಮಗಳ ಹೆಸರನ್ನು ಕಲ್ಲಿನ ಮೇಲೆ ಕೊರೆಯಿಸಿರೆಂದು ಕೈಮುಗಿದೆ. ಅವರು ಎರಡು ಸಲ ಓದಿದರು. ಆಮೇಲೆ, “ಖರೆ ಅದ, ತಮ್ಮಾ. ಆದ್ರ ಈಗ ಒಂದ ಕೂಸಿಗಿ ಹೆಸರಿಟ್ರ, ಇನ್ನೂರ ವರ್ಷದ ಕೂಸುಗೋಳೆಲ್ಲ ಎದ್ದು ಕೇಳ್ತಾವ. ನಂದೇ ಮೂರು ಅದಾವ” ಎಂದು ಹಾಳೆಯನ್ನು ನನ್ನ ಕೈಗೆ ವಾಪಸು ಕೊಟ್ಟರು. ಉಳಿ ಹಿಡಿಯಲು ಅವರ ಅಪ್ಪಣೆ ಬೇಕು, ಅದು ಸಿಗಲಿಲ್ಲ.

ಈ ಕಾಗದ ನಿಮಗೆ ಮುಟ್ಟುವುದಿಲ್ಲ ಎಂದು ಗೊತ್ತಿದೆ. ಆದರೂ ಕೇಳುತ್ತೇನೆ. ನಲವತ್ತನೆಯ ಹಾಳೆಯ ತಳದಲ್ಲಿ ಎರಡು ಬೆರಳು ಜಾಗ ಖಾಲಿ ಇದೆ. ಅಲ್ಲಿ ಒಂದು ಸಾಲು ಸೇರಿಸಿ: ಇದು ಕಲ್ಲಿನಲ್ಲಿ ಸಿಕ್ಕ ದವಡೆಗಳ ಮಾತು, ಮನುಷ್ಯರ ಮಕ್ಕಳಿಗೆ ಹುಟ್ಟಿದ ದಿನವೇ ಹೆಸರಿಡಿ. ಇನ್ನೊಂದು ಮಾತು. ಆ ಪುಟ್ಟ ದವಡೆಗೆ ನಿಮ್ಮ ಶಾಸ್ತ್ರದ ಹೆಸರು ಬೇಡ. ಅಕ್ಕಪಕ್ಕ ಯಾರೂ ಇಲ್ಲದಾಗ ಏನಾದರೂ ಒಂದು ಹೆಸರಿಟ್ಟು ಒಮ್ಮೆ ಕರೆಯಿರಿ. ಅದಕ್ಕೂ ಒಬ್ಬ ತಾಯಿ ಇದ್ದಳು.

ಇದನ್ನು ಮಡಚಿ ನಲವತ್ತೊಂದನೆಯ ಹಾಳೆಯ ಜೊತೆ ಅದೇ ಡಬ್ಬಿಯಲ್ಲಿಡುತ್ತೇನೆ. ಇದುವರೆಗೆ ನನ್ನ ಎಲ್ಲ ನಕಲುಗಳ ಕೆಳಗೆ ಪುಟಗಾವಲಿ ಎಂದಷ್ಟೇ ಬರೆದಿದ್ದೇನೆ. ಇಂದು ಯಾರ ಅಪ್ಪಣೆಯನ್ನೂ ಕೇಳಿಲ್ಲ.

ಇಂತಿ,
ನೀಲಗಂಗಾಳ ಅಪ್ಪ