ಬಕೆಟ್ ಹಿಡಿದ ಮ್ಯಾನೇಜರು

ಮಹಡಿ ಕೋಣೆಯಿಂದ,
ಶುಕ್ರವಾರ ಸಂಜೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯೆ? ಕಾಲಿನ ಊತ ಇಳಿಯಿತೇ? ಮಗು ಒದೆಯುತ್ತಿದೆಯಂತೆ, ಒದೆಯಲಿ ಬಿಡು. ನಮ್ಮ ಮನೆಯ ಕೂಸು ಸುಮ್ಮನಿದ್ದರೇ ಹೆದರಿಕೆ. ಭಾವ ಹಡಗಿನಿಂದ ಫೋನ್ ಮಾಡಿದರೇ? ಡಾಕ್ಟರು ಕೊಟ್ಟ ದಿನಕ್ಕೆ ಮುಂಚೆಯೇ ಬಂದು ನಿನ್ನ ಪಕ್ಕದಲ್ಲಿರುತ್ತೇನೆ ಎಂದು ಮಾತು ಕೊಟ್ಟವಳು ನಾನು. ಆ ರಜೆಯ ಕಥೆ ಕೇಳು.

ನೀನು ಲಾಂಡ್ರಿಯ ಕೆಲಸ ಬಿಟ್ಟರೂ ನೀನು ಹುಟ್ಟಿಸಿದ ಮಾತುಗಳು ಇಲ್ಲೇ ಇವೆ. ಬೈಸಿಕೊಂಡವರು ಈಗಲೂ ‘ಇಸ್ತ್ರಿ ಆಗಿ’ ಬರುತ್ತಾರೆ. ಅದು ಹುಟ್ಟಿದ್ದು, ಹಳೆಯ ಮ್ಯಾನೇಜರ ಕೋಣೆಯಿಂದ ನೀನು ಸಪ್ಪೆ ಮೋರೆ ಹಾಕಿಕೊಂಡು ಬಂದು, ಒಂದು ಸುಕ್ಕೂ ಉಳಿಸಲಿಲ್ಲ ಕಣ್ರೇ ಎಂದ ದಿನ. ರಜೆ ಕೇಳಿದವರಿಗೆ ‘ನೋಡೋಣ’ ಎಂದರೆ ಅದು ‘ನೆನೆ ಹಾಕಿದ್ದು’. ಗಂಡ ದೂರ ಇರುವವರೆಲ್ಲ ‘ಒಂಟಿ ಕಾಲುಚೀಲ’. ಮದುವೆಯಾದ ಮೇಲೆ ಆ ಬಿರುದು ನಿನಗೇ ಬಂತಲ್ಲ! ಹೊಸಬರಿಗೆ ಈ ಮಾತುಗಳ ಹುಟ್ಟು ಹೇಳುವುದು ಈಗ ನನ್ನ ಪಾಲಿಗೆ ಬಂದಿದೆ. ಸ್ವಲ್ಪ ಉಪ್ಪು ಖಾರ ಹಚ್ಚಿಯೇ ಹೇಳುತ್ತೇನೆ.

ಇದು ಈಗಿನ ಮ್ಯಾನೇಜರ ಕಿವಿಗೆ ಬಿತ್ತು. ಗಾಜಿನ ಕೋಣೆಗೆ ಕರೆಸಿದರು. ಬೈಯಲಿಲ್ಲ. ತನ್ನನ್ನು ಕಂಡರೆ ಎಲ್ಲರೂ ಬಾಯಿ ಮುಚ್ಚುತ್ತಾರೆ, ತನಗೂ ಆ ಮಾತು ಕಲಿಸಬೇಕು ಎಂದರು. ಅಂದಿನಿಂದ ನನ್ನ ಊಟದ ಬಿಡುವೆಲ್ಲ ಅಲ್ಲೇ. ರಜೆ ಕೇಳಿದರೆ ಮಾತ್ರ ನೆನೆ ಹಾಕುತ್ತಾರೆ. ಹೊಟ್ಟೆ ಉರಿಯಿತು. ‘ಬಕೆಟ್ ಹಿಡಿಯುವುದು’ ಎಂದರೇನು ಎಂದು ಕೇಳಿದ ದಿನ ಕಾಗೆ ಹಾರಿಸಿಬಿಟ್ಟೆ. ಎಲ್ಲೋ ಕಾರ್ಖಾನೆಗೆ ಬೆಂಕಿ ಬಿದ್ದಾಗ ಎಲ್ಲರೂ ಓಡಿದರಂತೆ, ಒಬ್ಬ ಮಾತ್ರ ನೀರಿನ ಬಕೆಟ್ ಬಿಡಲಿಲ್ಲವಂತೆ, ಅದಕ್ಕೇ ನಂಬಿಗಸ್ತ ಕೆಲಸಗಾರನಿಗೆ ಹಾಗೆನ್ನುತ್ತಾರೆ ಎಂದೆ. ಯಜಮಾನರ ಹಿಂದೆ ಹಲ್ಲು ಗಿಂಜಿಕೊಂಡು ಸುತ್ತುವವರಿಗೆ ಹೇಳುವ ಮಾತದು ಎಂದು ಬಾಯಿ ಬಿಡಲಿಲ್ಲ.

ಸೋಮವಾರ ಲಾಂಡ್ರಿಯ ಯಜಮಾನರು ಬಂದರು. ಯಂತ್ರಗಳನ್ನು ನಿಲ್ಲಿಸಿ ಎಲ್ಲರನ್ನೂ ಸೇರಿಸಿ, ಮ್ಯಾನೇಜರು ಎದೆ ಸೆಟೆಸಿ ಹೇಳಿದರು:

“ನಾನು ಬಂದ ದಿನದಿಂದ್ಲೂ ನಮ್ ಯಜಮಾನ್ರಿಗೆ ಬಕೆಟ್ ಹಿಡ್ಕೊಂಡೇ ಇದೀನಿ. ಸಾಯೋವರೆಗೂ ಹಿಡೀತೀನಿ.”

ಹಾಲ್ ಹೋ ಎಂದಿತು. ಬಟ್ಟೆ ಮಡಿಸುವ ಅಜ್ಜಿ ಬೆಡ್‌ಶೀಟಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಯಜಮಾನರೂ ಹೊಟ್ಟೆ ಹಿಡಿದುಕೊಂಡು ನಕ್ಕು, ನೀವು ಇಷ್ಟು ತಮಾಷೆಯವರು ಎಂದು ಗೊತ್ತೇ ಇರಲಿಲ್ಲವಲ್ಲ ಎಂದು ಬೆನ್ನು ತಟ್ಟಿದರು. ನಾನು ತೋಡಿದ ಗುಂಡಿಗೆ ನಾನೇ ಬಿದ್ದೆ. ಈಗ ಇಂಥ ಮಾತು ಕಲಿಸಲು ನಾನಿಲ್ಲದಿದ್ದರೆ ಮ್ಯಾನೇಜರಿಗೆ ಕೈ ಮುರಿದಂತೆ, ರಜೆಯ ಮಾತೆತ್ತುವ ಹಾಗೇ ಇಲ್ಲ. ಹೇಳದೆ ಬಂದರೆ ಕೆಲಸ ಹೋಗುತ್ತದೆ; ನಿನ್ನ ಬಾಣಂತನವೂ ಅಪ್ಪನ ಔಷಧಿಯೂ ಇದರ ಮೇಲೇ ನಿಂತಿವೆ. ಆ ಕೋಣೆಯಲ್ಲಿ ಕೂತರೆ ಉಸಿರು ಕಟ್ಟುತ್ತದೆ ಅಕ್ಕಾ. ನಾಳೆ ನಿಜ ಹೇಳಿಬಿಡುತ್ತೇನೆ. ನಾಲ್ಕು ದಿನ ಕಣ್ಣೆದುರು ಬರಬೇಡ ಎಂದು ಸಿಟ್ಟಿನಿಂದ ಅಟ್ಟಿದರೂ ಸಾಕು, ಅದೇ ರಜೆ ಎಂದುಕೊಂಡು ಓಡಿ ಬರುತ್ತೇನೆ.

ಭಾರ ಎತ್ತಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ಅಪ್ಪ ನಿನಗೂ ಹೊಟ್ಟೆಯಲ್ಲಿರುವ ಕಳ್ಳನಿಗೂ ಆಶೀರ್ವಾದ ತಿಳಿಸಿದ್ದಾರೆ.

ನಿನ್ನ
ಬಾಯಿಬಡುಕಿ ತಂಗಿ

ತಾ.ಕ.: ಶನಿವಾರ ಮಧ್ಯಾಹ್ನ. ಹೇಳಿದೆ ಅಕ್ಕಾ. ಅವರು ಸಿಟ್ಟಾಗಲಿಲ್ಲ. “ಆ ಮಾತಿನ ಅರ್ಥ ಯಾರಿಗಮ್ಮಾ ಗೊತ್ತಿಲ್ಲ? ಗೊತ್ತಿದ್ದೇ ಹೇಳ್ದೆ. ನಾನಿರೋ ಕಡೆ ಜನ ನಕ್ಕಿದ್ದು ಅವತ್ತೇ ಮೊದ್ಲು” ಎಂದರು. ನಾನು ಹೋದರೆ ಗಾಜಿನೊಳಗೆ ತಾನೊಬ್ಬನೇ ಎಂದೂ ಅಂದರು. ರಜೆ ಕೊಡಲಿಲ್ಲ. ಸಿಟ್ಟು ಮಾಡಿಕೊಳ್ಳೋಣವೆಂದರೆ, ಹಾಳಾದ್ದು, ಸಿಟ್ಟೂ ಬರಲಿಲ್ಲ. ಎದ್ದು ಬರಲಾಗದೆ ಅಲ್ಲೇ ಕೂತೆ. ನನ್ನನ್ನು ನಂಬಿಕೊಂಡು ಇರಬೇಡ. ಆಸ್ಪತ್ರೆಗೆ ಜೊತೆಗೆ ಬರಲು ಪಕ್ಕದ ಮನೆಯವರಿಗೆ ಈ ಕಾಗದ ತಲುಪಿದ ದಿನವೇ ಹೇಳಿಡು.