ಶಿಖರಕ್ಕೆ ಅಡ್ಡ ನಿಂತ ಮರಗಳು

ಮಾನ್ಯ ಪ್ರವಾಸೋದ್ಯಮ ಅಧಿಕಾರಿಗಳೇ,

ನಮ್ಮ ಓಬರ್‌ಮಾಟ್ ಹಳ್ಳಿಯ ನೆತ್ತಿಯ ಮೇಲಿರುವ ಕಾಡನ್ನು ಕಡಿಯಬೇಕೆಂಬ ತಮ್ಮ ಆದೇಶವನ್ನು ಇಗರ್ಜಿಯ ಬಾಗಿಲಲ್ಲಿ ಓದಿದೆ. ಆ ಮರಗಳು ಗ್ರೌಷ್ಟಾಕ್ ಶಿಖರವನ್ನು ಪ್ರವಾಸಿಗರಿಂದ ಮರೆಮಾಡುತ್ತಿವೆಯಂತೆ. ಕಾಡು ಅಸ್ತವ್ಯಸ್ತವಾಗಿದೆಯಂತೆ. ಹೌದು ಸ್ವಾಮಿ, ಅಸ್ತವ್ಯಸ್ತವೇ. ಅಲ್ಲಿ ಬಿದ್ದ ಮರವನ್ನು ನಾವು ಎತ್ತುವುದಿಲ್ಲ, ಇಳಿಜಾರಿಗೆ ಅಡ್ಡವಾಗಿ ಹೊರಳಿಸಿ ಬಿಡುತ್ತೇವೆ. ಕಡಿಯಲೇಬೇಕಾದ ರೋಗದ ಮರವನ್ನು ಎದೆಯೆತ್ತರಕ್ಕೆ ಕಡಿದು ಮೋಟು ಉಳಿಸುತ್ತೇವೆ. ಹಿಮ ಜಾರಲು ಹೊರಟಾಗ ಅದರ ಕಾಲಿಗೆ ಏನಾದರೂ ತೊಡರಬೇಕಲ್ಲ? ಒಲೆ ಆರಿದ ಚಳಿಗಾಲದಲ್ಲೂ ಆ ಕಾಡಿನಿಂದ ಒಂದು ಚಕ್ಕೆ ಸೌದೆ ತಂದವರು ನಮ್ಮೂರಲ್ಲಿಲ್ಲ. ಇದಕ್ಕೆ ತಾವಿಟ್ಟ ಹೆಸರು: ಗ್ರಾಮಸ್ಥರ ನಿರ್ಲಕ್ಷ್ಯ.

ನಾನು ಮರ ತಬ್ಬಿಕೊಳ್ಳುವ ಸಂತನೇನಲ್ಲ. ಹಾಲಿನ ಕ್ಯಾನು ಹೊತ್ತು ಬೆಳೆದವನು, ಈಗ ವಸತಿಗೃಹದ ಯಜಮಾನ. ಕಾಡು ಹೋದರೆ ಶಿಖರ ನೇರ ನನ್ನ ಕಿಟಕಿಗೇ ಬಂದು ಕೂರುತ್ತದೆ, ಬಾಡಿಗೆ ತಾನಾಗಿ ಏರುತ್ತದೆ. ಕಳೆದ ತಿಂಗಳು ತಮ್ಮ ಎಂಜಿನಿಯರ್ ನನ್ನ ಅಡುಗೆಮನೆಯಲ್ಲಿ ಚೀಸ್ ಸುರಿದ ಆಲೂಗೆಡ್ಡೆ ತಿನ್ನುತ್ತಾ ಒಪ್ಪಿಗೆ ಪತ್ರಕ್ಕೆ ಸಹಿ ಕೇಳುತ್ತಾ ಇದನ್ನೇ ವಿವರಿಸಿದರು. ಹಿಮ ತಡೆಯಲು ಉಕ್ಕಿನ ಬೇಲಿ ಬರುತ್ತದಂತೆ. ಯಾವಾಗ? ಎರಡನೆಯ ಹಂತದಲ್ಲಿ, ಅನುದಾನ ಬಂದ ಮೇಲೆ. ಅಲ್ಲಿಯವರೆಗೆ ಕಾಯುವಂತೆ ಹಿಮಕ್ಕೂ ನೋಟಿಸು ಕೊಟ್ಟಿದ್ದೀರಾ?

ಒಲೆಯ ಪಕ್ಕ ಕೂತಿದ್ದ ನನ್ನ ಅತ್ತೆ ಝೀಟಾ ನಡುವೆ ಬಾಯಿ ಹಾಕಿದರು. ಅವರ ತವರು ಹಳ್ಳದಾಚೆಯ ಹಿಂಟರಾವ್ ಎಂಬ ಊರು.

"ಎಂಜಿನಿಯರಪ್ಪಾ, ಗ್ರೌಷ್ಟಾಕ್ ನೋಡ್ಬೇಕಂದ್ರೆ ನಮ್ಮೂರಿಗೆ ಹೋಗು. ಅಡ್ಡ ಒಂದು ಮರಾನೂ ಇಲ್ಲ."

"ಹೌದಾ ಅಜ್ಜಿ? ಉಳ್ಕೊಳ್ಳೋಕೆ ಮನೆ ಸಿಗುತ್ತಾ?"

"ಮನೆಗಳೂ ಅಡ್ಡ ಇಲ್ಲ."

ಅವರು ನಕ್ಕರು. ಅತ್ತೆ ನಗಲಿಲ್ಲ. ಹುಲ್ಲುಗಾವಲಿನ ಆಸೆಗೆ ಹಿಂಟರಾವ್‌ನವರು ತಮ್ಮ ಕಾಡನ್ನು ಸವರಿದ್ದರು. ಒಂದು ಫೆಬ್ರವರಿಯ ಬೆಳಿಗ್ಗೆ ಹಿಮ ಇಳಿದು ಬಂತು. ಅತ್ತೆಯ ಮನೆಯಿಂದ ಜೀವಂತ ಹೊರಗೆ ತೆಗೆದದ್ದು ಅವರನ್ನು ಮತ್ತು ಒಂದು ಮೇಕೆಯನ್ನು. ಆಗ ಅವರಿನ್ನೂ ಲಂಗದ ಹುಡುಗಿ. ನನ್ನನ್ನು ದಿನಕ್ಕೆ ಹತ್ತು ಸಲ ಜಿಪುಣನೆಂದು ಹಂಗಿಸುವ ಈಕೆ ಅಂದು ಎಂಜಿನಿಯರ್ ಹೋದ ಮೇಲೆ ನನ್ನ ಕೈ ಹಿಡಿದು ಒಂದೇ ಮಾತು ಕೇಳಿದರು: "ನೀನೂ ಸಹಿ ಹಾಕ್ತೀಯೇನೋ?"

ಹಾಕುವುದಿಲ್ಲ. ನನಗೆ ಲಾಭದ ಲೆಕ್ಕ ಬರುತ್ತದೆ, ಅದಕ್ಕೇ ಹಾಕುವುದಿಲ್ಲ. ಆದೇಶ ಹಿಂತೆಗೆಯಿರಿ. ಗರಗಸ ಕಳಿಸಿದರೆ ಊರಿಗೆ ಊರೇ ಆ ಮರಗಳ ಬುಡದಲ್ಲಿ ಕೂತಿರುತ್ತದೆ, ಅತ್ತೆ ಮುಂದಿನ ಸಾಲಿನಲ್ಲಿ. ಅದನ್ನೂ ಮೀರಿ ಕಡಿದಿರೋ, ಬರುವ ಫೆಬ್ರವರಿಯಲ್ಲಿ ತಾವು ಸಕುಟುಂಬವಾಗಿ ನನ್ನ ಮೇಲ್ಮಹಡಿಯ ಕೋಣೆಗೆ ಬಂದು ಮಲಗಬೇಕು. ಬಾಡಿಗೆ ಬೇಡ. ಕಿಟಕಿಯಿಂದ ಶಿಖರ ಪೂರ್ತಿ ಕಾಣುತ್ತದೆ.

ಶಿಖರಕ್ಕೂ ತಾವು ಪೂರ್ತಿ ಕಾಣುತ್ತೀರಿ.

ಇಂತಿ,
ಶಿಖರ ಕಾಣದ ಕೋಣೆಗಳನ್ನೇ ಬಾಡಿಗೆಗೆ ಕೊಟ್ಟು ಬದುಕುತ್ತಿರುವ, ಇನ್ನೂ ಬದುಕಬೇಕೆಂದಿರುವ
ಬಾಲ್ತಸಾರ್ ಫುರ್ಗರ್