ಐದನೇ ಮನೆಯ ಮೊಳೆ

ಐದನೇ ಮನೆಯ ಅಡುಗೆಮನೆಯಿಂದ
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ನನ್ನ ಗುಬ್ಬಿಗೆ,

ಅಮ್ಮನ ಆಶೀರ್ವಾದ. ಅಳಿಯಂದಿರಿಗೂ ತಿಳಿಸು. ನಿಮ್ಮಪ್ಪನ ಮೊಣಕಾಲೊಂದನ್ನು ಬಿಟ್ಟರೆ ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಪೇಂಟರ್ ಬಾಗಿಲು ತಟ್ಟುತ್ತಿದ್ದ, ಇಲ್ಲವೇ ಮೆಡಿಕಲ್ ಶಾಪಿನ ಕೆಲಸಕ್ಕೆ ಹೊತ್ತಾಗುತ್ತಿತ್ತು. ಇವೆಲ್ಲ ನೆಪ ಅಂತ ನಿನಗೂ ಗೊತ್ತು. ನೀನು ಬರೆದ ಸುದ್ದಿಗೆ ಏನು ಹೇಳಬೇಕೋ ನನಗೆ ತೋಚಲಿಲ್ಲ. ಅದನ್ನು ಕೊನೆಗೆ ಬರೆಯುತ್ತೇನೆ. ಮೊದಲು ನನ್ನ ಗೋಳು ಕೇಳು.

ಈ ಮನೆಯನ್ನೂ ಬಾಡಿಗೆಗೆ ಕೊಟ್ಟಾಯಿತು. ತಿಂಗಳ ಕೊನೆಗೆ ಹೊರಡಬೇಕು.

ಇಲ್ಲಾದರೂ ಉಳಿದುಬಿಡೋಣ ಅಂತ ನಾನು ತುಂಬಾ ಆಸೆ ಇಟ್ಟುಕೊಂಡಿದ್ದೆ, ಗುಬ್ಬಿ. ನೀನು ಈ ಮನೆ ನೋಡಿಲ್ಲ. ಅಡುಗೆಮನೆಗೆ ಎರಡು ಕಿಟಕಿ. ಬೆಳಿಗ್ಗೆ ಹಾಲು ಕಾಯಿಸುವಾಗ ಬಿಸಿಲು ನೇರ ಒಲೆಯ ಮೇಲೆ ಬೀಳುತ್ತದೆ. ಪಾತ್ರೆ ತೊಳೆಯುತ್ತಾ ನಿಂತರೆ ಎದುರಿನ ಸೈಕಲ್ ರಿಪೇರಿಯವನು ಟ್ಯೂಬನ್ನು ನೀರಲ್ಲಿ ಮುಳುಗಿಸಿ ತೂತು ಹುಡುಕುವುದು ಕಾಣಿಸುತ್ತದೆ. ನಾನು ತಲೆ ಎತ್ತಿದರೆ ಅವನೂ ಎತ್ತಿ, "ಇವತ್ತು ತಡ ಆಯ್ತಲ್ಲಮ್ಮ" ಅನ್ನುತ್ತಾನೆ. ನನ್ನ ದಿನಚರಿ ಗೊತ್ತಿರುವ ನೆರೆಯವರು ಸಿಕ್ಕಿದ್ದು ಇದೇ ಮೊದಲು. ಬೇರೆ ಕಡೆಯೆಲ್ಲ ಗುರುತಾಗುವಷ್ಟರಲ್ಲಿ ನಾವು ಲಾರಿ ಹತ್ತಿರುತ್ತಿದ್ದೆವು.

ನಮ್ಮ ಪದ್ಧತಿಯನ್ನು ನಿನಗೇನು ಹೇಳುವುದು, ಅದರೊಳಗೇ ಬೆಳೆದವಳು. ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವುದು ನಿಮ್ಮಪ್ಪನ ನೌಕರಿ. ಎಲ್ಲಿ ಮೀಟರು ತಿಂಗಳುಗಟ್ಟಲೆ ಅಲ್ಲಾಡದೆ ನಿಂತಿದೆಯೋ ಆ ಮನೆ ಯಾರಿಗೋ ಬೇಡವಾಗಿದೆ ಅಂತ ಅರ್ಥ. ಅದನ್ನು ಸಾಲ ಮಾಡಿ ಕೊಳ್ಳುವುದು. ಸೋರುವ ಆ ಮನೆಯಲ್ಲಿ ನಾವೇ ಹೋಗಿ ಇದ್ದುಕೊಂಡು ಸಂಜೆ, ಭಾನುವಾರ ರಿಪೇರಿ ಮಾಡುವುದು. ಮನುಷ್ಯರು ಬಾಳುವ ಹಾಗಾದ ಕೂಡಲೇ ಬಾಡಿಗೆಗೆ ಕೊಟ್ಟು, ಮುಂದಿನ ಸೋರುವ ಮನೆಗೆ ಗಂಟುಮೂಟೆ ಕಟ್ಟುವುದು. ಬೇರೆ ಮಕ್ಕಳು ಅಡುಗೆ ಆಟ ಆಡಿದರೆ ನೀನು ಗೊಂಬೆಯ ಬಟ್ಟೆಬರೆಯನ್ನು ಡಬ್ಬಕ್ಕೆ ತುಂಬುವ ಆಟ ಆಡುತ್ತಿದ್ದೆ. ನೋಡಿ ನಾವೆಲ್ಲ ನಗುತ್ತಿದ್ದೆವು.

ಮತ್ತೆ ಆ ಮೊಳೆಯ ಕಟ್ಟಳೆ. ಗೋಡೆಗೆ ಮೊಳೆ ಹೊಡೆಯಕೂಡದು, ನಾಳೆ ಬರುವವರು ತೂತು ನೋಡಿ ಮೂಗು ಮುರಿಯುತ್ತಾರೆ. ಬಾಡಿಗೆಯವರಿಗೆ ಹಾಕಿದ ಆ ಷರತ್ತನ್ನು ಎಲ್ಲರಿಗಿಂತ ಚಾಚೂತಪ್ಪದೆ ಪಾಲಿಸಿದವಳು ನಾನು. ನಮ್ಮಮ್ಮ ಕೊಟ್ಟ ಕನ್ನಡಿ ಇಷ್ಟು ವರ್ಷ ನೆಲದ ಮೇಲೆ ಗೋಡೆಗೆ ಒರಗಿಕೊಂಡೇ ಇತ್ತು. ತಲೆ ಬಾಚಲು ನಾನು ಕುಕ್ಕರಗಾಲಲ್ಲಿ ಕೂರುತ್ತಿದ್ದೆ. ಈ ಮನೆಗೆ ಬಂದ ಮೇಲೆ ಒಂದು ದಿನ ಸೈಕಲ್ಲಿನವನ ಸುತ್ತಿಗೆ ಇಸಕೊಂಡು ಬಂದು ಒಂದು ಮೊಳೆ ಹೊಡೆದೆ. ನಿಂತುಕೊಂಡು ತಲೆ ಬಾಚಿದೆ. ನಿಮ್ಮಪ್ಪ ನೋಡಿದರು, ಏನೂ ಅನ್ನಲಿಲ್ಲ. ಅದರಿಂದ ನನಗೆ ಧೈರ್ಯ ಬಂತು.

ಆಮೇಲೆ ನಾನೊಂದು ಉಪಾಯ ಮಾಡಿದೆ, ನಗಬೇಡ. ಕೆಲಸ ಮುಗಿದರೆ ತಾನೇ ಮನೆ ಬಿಡಬೇಕು? ಮುಗಿಯದ ಹಾಗೆ ನೋಡಿಕೊಂಡೆ. ಪೇಂಟರ್ ಹಜಾರಕ್ಕೆ ಬಣ್ಣ ಹಚ್ಚಿದಾಗ ಸ್ವಲ್ಪ ಕಪ್ಪಾಯಿತು ಅಂದೆ. ತಿಳಿ ಮಾಡಿ ಹಚ್ಚಿದ, ಪಟ್ಟೆ ಕಾಣುತ್ತಿದೆ ಅಂದೆ. ಉಜ್ಜಿ ನಯ ಮಾಡಿ ಮತ್ತೆ ಹಚ್ಚಿದ, ಆ ಮೂಲೆ ನೋಡಪ್ಪಾ ಅಂದೆ. ಪಾಪ, ಅವನು ಬ್ರಷ್ ಹಿಡಿದುಕೊಂಡು, "ಅಮ್ಮಾ, ನನ್ನ ಮದುವೆ ಮನೆಗೂ ನಾನು ಇಷ್ಟು ಸಲ ಬಳಿದಿಲ್ಲ. ನಿಮಗೆ ಯಾವ ಬಣ್ಣ ಬೇಕು ಅಂತ ಬಾಯ್ಬಿಟ್ಟು ಹೇಳಿಬಿಡಿ" ಅಂದ. ಒಣಗದ ಬಣ್ಣ ಬೇಕು ಅಂತ ಅವನಿಗೆ ಹೇಗೆ ಹೇಳಲಿ.

ನನ್ನ ಜಾಣತನ ನನಗೇ ತಿರುಗಿತು. ಅಷ್ಟು ಸಲ ಬಳಿದು, ಉಜ್ಜಿ, ಮತ್ತೆ ಬಳಿದು ಆ ಗೋಡೆ ಎಷ್ಟು ಚೆಂದವಾಗಿತ್ತೆಂದರೆ, ನಮ್ಮ ಯಾವ ಮನೆಗೂ ಅಂಥ ಗೋಡೆ ಇರಲಿಲ್ಲ. ಹೋದ ಭಾನುವಾರ ಬ್ರೋಕರ್ ಒಬ್ಬ ಟೀಚರನ್ನು ಕರೆದುಕೊಂಡು ಬಂದ. ಆಕೆ ಬೇರೇನೂ ನೋಡಲಿಲ್ಲ. ಹಜಾರದ ಗೋಡೆಯ ಮೇಲೆ ಅಂಗೈ ಸವರಿ, "ಇದೇ ಇರಲಿ" ಅಂದುಬಿಟ್ಟರು. ಸ್ನಾನದ ಮನೆಯ ಬಾಗಿಲಿಗೆ ಚಿಲಕವಿಲ್ಲ ಅಂತ ನಾನೇ ತೋರಿಸಿದೆ. "ನಾನು ಹಾಕಿಸ್ಕೋತೀನಿ ಬಿಡಿ" ಅಂದರು. ಮಳೆ ಬಂದರೆ ಸೋರಬಹುದು ಅಂದೆ. ನಿಮ್ಮಪ್ಪ ನನ್ನನ್ನು ದುರುಗುಟ್ಟಿ ನೋಡಿದರು.

ಹೊರಡುವಾಗ ಆಕೆ ನನ್ನ ಕಡೆ ತಿರುಗಿ, "ಇಷ್ಟು ಮುತುವರ್ಜಿಯಿಂದ ಮಾಡಿಸಿದ್ದೀರಿ, ಬಿಟ್ಟು ಹೋಗೋಕೆ ಮನಸ್ಸಾದ್ರೂ ಹೇಗೆ ಬರುತ್ತೆ?" ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನಿಮ್ಮಪ್ಪ, "ಇವಳಿಗೆ ಅಭ್ಯಾಸ ಆಗ್ಹೋಗಿದೆ ಮೇಡಂ" ಅಂದರು. ಆಕೆ ಕನ್ನಡಿ ನೋಡಿ, ಆ ಮೊಳೆ ಹಾಗೇ ಇರಲಿ, ತಮಗೂ ಬೇಕು ಅಂದರು. "ಅದಕ್ಕೇನಂತೆ, ಇರಲಿ" ಅಂದರು ನಿಮ್ಮಪ್ಪ. ಅಷ್ಟು ಸಲೀಸಾಗಿ ಅಂದುಬಿಟ್ಟರು ಗುಬ್ಬಿ. ನನಗೆ ಮೈಯೆಲ್ಲ ಉರಿದುಹೋಯಿತು.

ಅವರು ಹೋದ ಮೇಲೆ ನೇರವಾಗಿ ಹೇಳಿದೆ. "ರೀ, ನಾನು ಈ ಮನೆ ಬಿಟ್ಟು ಬರಲ್ಲ. ನನಗೆ ಇಲ್ಲೇ ಇರಬೇಕು."

ರೇಗುತ್ತಾರೆ ಅಂದುಕೊಂಡಿದ್ದೆ, ರೇಗಲಿಲ್ಲ. ಮೊಣಕಾಲು ಹಿಡಿದುಕೊಂಡು ಪೇಂಟಿನ ಡಬ್ಬದ ಮೇಲೆ ಕೂತರು. "ನನಗೆ ಮಾತ್ರ ಇಲ್ಲಿರೋ ಆಸೆ ಇಲ್ವೇನೇ?" ಅಂದರು. "ಇದರ ಬಾಡಿಗೆ ಬರಲಿಲ್ಲ ಅಂದ್ರೆ ಬೇರೆ ನಾಲ್ಕರ ಕಂತು ಕಟ್ಟೋದು ಹೇಗೆ? ಒಂದು ಮನೆಯ ಕಂತು ತಪ್ಪಿದ್ರೂ ಎಲ್ಲಾ ಮನೆಗೂ ಬೀಗ ಬೀಳುತ್ತೆ." ಅವರು ಚಿಕ್ಕವರಿದ್ದಾಗ ಬಾಡಿಗೆ ಮನೆಯ ಮಾಲೀಕರು ಪಾತ್ರೆಪಗಡ ಬೀದಿಗೆ ಎಸೆದದ್ದು, ಅವರಮ್ಮ ಸೆರಗಲ್ಲಿ ಲೋಟಗಳನ್ನು ಆಯ್ದುಕೊಂಡದ್ದು, ಆ ಕಥೆ ನೀನೂ ಕೇಳಿದ್ದೀಯ. ಇನ್ನು ಯಾರೂ ನಮ್ಮನ್ನು ಹೊರಗೆ ಹಾಕಬಾರದು ಅಂತಲೇ ಅವರು ಇಷ್ಟೆಲ್ಲ ಮಾಡಿದ್ದು. ಈಗ ನಮ್ಮನ್ನು ನಾವೇ ಹೊರಗೆ ಹಾಕಿಕೊಳ್ಳುತ್ತಿದ್ದೇವೆ. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಅವರು ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಆರನೆಯದನ್ನು ನೋಡಿ ಬಂದೆ. ಅಡುಗೆಮನೆಗೆ ಒಂದೇ ಕಿಟಕಿ, ತೆರೆದರೆ ಪಕ್ಕದ ಮನೆಯ ಗೋಡೆ, ಕೈಚಾಚಿದರೆ ಸಿಗುತ್ತದೆ. ನಿಮ್ಮಪ್ಪ ನಲ್ಲಿ ತಿರುಗಿಸಿ, "ನೀರಿನ ರಭಸ ನೋಡು" ಅಂದರು. ನೋಡಿದೆ.

ಸೈಕಲ್ಲಿನವನಿಗೆ ಇನ್ನೂ ಹೇಳಿಲ್ಲ. ಮೈ ಕೈ ಜೋಪಾನ. ಹೊತ್ತಿಗೆ ಸರಿಯಾಗಿ ಊಟ ಮಾಡು, ಸಿಮೆಂಟಿನ ಧೂಳಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೋ. ನೀವಿಬ್ಬರೂ ನೂರು ವರ್ಷ ನಗುನಗುತ್ತಾ ಬಾಳಿ, ಒಂದೇ ಸೂರಿನಡಿ ಬಾಳಿ.

ಇಂತಿ,
ನಿನ್ನ ಅಮ್ಮ

ಮರೆತಿದ್ದು: ಮರೆತಿರಲಿಲ್ಲ, ಮುಂದೂಡುತ್ತಿದ್ದೆ. ನಿನ್ನ ಕಾಗದವನ್ನು ನಿಮ್ಮಪ್ಪ ಆಫೀಸಿಗೆ ಒಯ್ದು ಎಲ್ಲರಿಗೂ ಓದಿ ಹೇಳಿದರು. "ಅಮ್ಮಾ, ನಾವೂ ಶುರು ಮಾಡಿದ್ವಿ. ಈ ಮನೆ ರೆಡಿ ಆದ ತಕ್ಷಣ ಬಾಡಿಗೆಗೆ ಕೊಟ್ಟು ಮುಂದಿನದಕ್ಕೆ ಹೋಗ್ತೀವಿ. ಇನ್ನು ಎರಡೇ ಮನೆ, ಆಮೇಲೆ ನಿಲ್ಲಿಸ್ತೀವಿ ಅಂತಾರೆ ಇವರು." ನೀನು ನನ್ನ ಹೊಟ್ಟೆಯಲ್ಲಿದ್ದಾಗ, ಮೊದಲನೇ ಮನೆಯಲ್ಲಿ ನಿಂತು ನಿಮ್ಮಪ್ಪ ಆಡಿದ್ದೂ ಇದೇ ಮಾತು. ಅವರು ಸುಳ್ಳು ಹೇಳಿರಲಿಲ್ಲ. ಅಳಿಯಂದಿರೂ ಹೇಳುತ್ತಿಲ್ಲ.

ಅದನ್ನಾದರೂ ತಡೆದುಕೊಂಡೆ. ಅದರ ಕೆಳಗೆ ಬರೆದಿದ್ದೀಯಲ್ಲ, "ನಂಗೇನೂ ಕಷ್ಟ ಆಗ್ತಿಲ್ಲಮ್ಮ, ಹೇಗೆ ಹೊಂದಿಕೊಂಡು ಹೋಗ್ಬೇಕು ಅಂತ ನಿನ್ನ ನೋಡೇ ಕಲಿತಿದ್ದೀನಲ್ಲ" ಅಂತ. ಆ ಸಾಲನ್ನು ತಡೆದುಕೊಳ್ಳಲು ಆಗಲಿಲ್ಲ. ನಾನು ಹೊಂದಿಕೊಂಡಿರಲಿಲ್ಲ ಕಣೇ. ಹೋಗುವುದಕ್ಕೆ ಜಾಗವಿರಲಿಲ್ಲ, ನಮ್ಮ ಮನೆಗಳಲ್ಲೆಲ್ಲ ಬೇರೆಯವರಿದ್ದರು.

ಜೊತೆಗೆ ಕಳಿಸುತ್ತಿರುವ ಪಾರ್ಸೆಲ್ಲಿನಲ್ಲಿ ಹಳೇ ಸೀರೆ ಸುತ್ತಿ ಅಜ್ಜಿಯ ಕನ್ನಡಿ ಇಟ್ಟಿದ್ದೇನೆ. ಸೆರಗಿನ ತುದಿಗೆ ಗಂಟು ಹಾಕಿರುವುದು ಆ ಮೊಳೆ. ಟೀಚರಿಗೆ ಬಿಟ್ಟುಹೋಗಲು ಮನಸ್ಸು ಬರಲಿಲ್ಲ, ಕಿತ್ತುಬಿಟ್ಟೆ. ನಿನ್ನ ಮನೆಯನ್ನು ಬಾಡಿಗೆಗೆ ನೋಡಲು ಇನ್ನೂ ಯಾರೂ ಬಂದಿಲ್ಲ ಅಂತ ಬರೆದಿದ್ದೀಯ. ಬರುವ ಮೊದಲೇ ಹೊಡೆದುಬಿಡು.